ಅಂಗೈಯಲ್ಲಿ ಮೂರು ಹೊಲಿಗೆ

ಕೇಳುಗರೆಲ್ಲರಿಗೂ ನಮಸ್ಕಾರ.

ನಮ್ಮ ಬೀದಿ ಗುಡಿಸುವ ಅಕ್ಕ ಹೋದ ವಾರ ಗೇಟಿನ ಹತ್ತಿರ ನಿಂತು ನೀರು ಕೇಳಿದರು. ಚೊಂಬು ಕೊಡುವಾಗ ಅವರ ಬಲಗೈ ಕಣ್ಣಿಗೆ ಬಿತ್ತು. ಅಂಗೈಗೆ ಅಡ್ಡಲಾಗಿ ಮೂರು ಹೊಲಿಗೆಯ ಗುರುತು. ಯಾರೋ ಒಡೆದ ಟ್ಯೂಬ್‌ಲೈಟನ್ನು ಅನ್ನ, ಸಾರಿನ ಜೊತೆ ಕಪ್ಪು ಕವರಿನಲ್ಲಿ ಕಟ್ಟಿ ಇಟ್ಟಿದ್ದರಂತೆ, ಇವರು ಎತ್ತಿ ಗಾಡಿಗೆ ಹಾಕಲು ಕೈ ಬಿಗಿ ಮಾಡಿದ್ದೇ ತಡ ಗಾಜು ಒಳಗಿಳಿದಿದೆ. "ಗ್ಲೌಸ್ ಇರಲಿಲ್ವಾ ಅಕ್ಕಾ?" ಅಂದೆ. ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಒಂದು ಜೊತೆ ತೆಗೆದು ತೋರಿಸಿದರು. ಅವರ ಕೈ ಎರಡು ತೂರುವಷ್ಟು ದೊಡ್ಡದು. "ಇದ್ ಹಾಕ್ಕೊಂಡ್ರೆ ಪೊರಕೆ ಜಾರ್ತದೆ ಮೇಡಂ."

ಈ ಕೈಗೆ ನಾವು ಎಷ್ಟು ಕೊಡುತ್ತಿದ್ದೇವೆ? 2022ರ ರಾಜ್ಯ ಬಜೆಟ್‌ನಲ್ಲಿ ಪೌರಕಾರ್ಮಿಕರಿಗೆ ತಿಂಗಳಿಗೆ 2,000 ರೂಪಾಯಿ ಸಂಕಷ್ಟ ಭತ್ಯೆ ಘೋಷಿಸಿದರು. ಒಳ್ಳೆಯದೇ ಆಯಿತು. ತಿಂಗಳಿಗೆ 26 ದಿನ ಕೆಲಸ ಅಂದುಕೊಂಡರೆ ದಿನಕ್ಕೆ ಸುಮಾರು 77 ರೂಪಾಯಿ. ಆದರೆ ಕಸದ ಗಾಡಿ ಓಡಿಸುವವರು, ಲೋಡರ್‌ಗಳು, ಒಳಚರಂಡಿ ಕೆಲಸದವರು ಎಷ್ಟೋ ಜನ ಇನ್ನೂ ಗುತ್ತಿಗೆಯಲ್ಲೇ ಇದ್ದಾರೆ. ಕಸ ಒಂದೇ, ಗಾಜು ಒಂದೇ. ಭತ್ಯೆಯ ಪಟ್ಟಿಗೆ ಹೆಸರು ಸೇರಿಸುವಾಗ ಮಾತ್ರ ಯಾರ ಕೈ ಕಾಯಂ, ಯಾರದು ಗುತ್ತಿಗೆ ಅಂತ ನೋಡಿದರೆ ಅದು ಯಾವ ನ್ಯಾಯ?

2025ರವರೆಗೆ ಜಾರಿಯಲ್ಲಿದ್ದ ನಮ್ಮ 1948ರ ಕಾರ್ಖಾನೆ ಕಾಯ್ದೆ ಅಪಾಯದ ಕೆಲಸದ ಬಗ್ಗೆ ತುಂಬಾ ಹೇಳುತ್ತಿತ್ತು. ಮಾಲೀಕ ಏನೇನು ಎಚ್ಚರಿಕೆ ವಹಿಸಬೇಕು, ವೈದ್ಯರು ಯಾವಾಗ ಪರೀಕ್ಷೆ ಮಾಡಬೇಕು, ಎಲ್ಲ ಇತ್ತು. ಅಪಾಯ ಜಾಸ್ತಿ ಇದ್ದಲ್ಲಿ ಸಂಬಳವೂ ಜಾಸ್ತಿ ಕೊಡಿ ಅನ್ನುವ ಕಲಮು ಮಾತ್ರ ಇರಲಿಲ್ಲ. ಹಾಗಾಗಿ ಅದನ್ನು ಕೇಳಿ, ಹೋರಾಡಿಯೇ ಪಡೆಯಬೇಕಾಗಿ ಬಂದಿದೆ. ಮನಸ್ಸು ಮಾಡಿದರೆ ಸರ್ಕಾರಕ್ಕೆ ಕಷ್ಟವನ್ನು ಅಳೆಯುವುದು ಗೊತ್ತು. ಸಿಯಾಚಿನ್‌ನ ಹಿಮದಲ್ಲಿ ನಿಂತ ಸೈನಿಕರ ಭತ್ಯೆಯನ್ನು 2017ರಲ್ಲಿ ತಿಂಗಳಿಗೆ 14,000ದಿಂದ 30,000ಕ್ಕೆ ಏರಿಸಿದರು. ಅದು ಸರಿಯಾದ ಕೆಲಸ. ಗಡಿ ಕಾಯದೆ ಆಗುವುದಿಲ್ಲ, ಆ ಚಳಿಯನ್ನು ಯಾರೂ ಕಡಿಮೆ ಮಾಡಲಾರರು, ಕೊಡಬೇಕಾದ್ದೇ.

ಮ್ಯಾನ್‌ಹೋಲ್ ವಿಷಯಕ್ಕೆ ಬಂದರೆ ಈ ಲೆಕ್ಕ ನಡೆಯುವುದಿಲ್ಲ. ಒಳಗೆ ಕೊಳೆತ ನೀರಿನಿಂದ ಹೈಡ್ರೋಜನ್ ಸಲ್ಫೈಡ್ ಅನ್ನುವ ಅನಿಲ ಹುಟ್ಟುತ್ತದೆ. ಸ್ವಲ್ಪ ಇದ್ದಾಗ ಕೊಳೆತ ಮೊಟ್ಟೆಯ ವಾಸನೆ. ಜಾಸ್ತಿ ಆದಾಗ ಮೂಗು ಸತ್ತು ಹೋಗುತ್ತದೆ, ವಾಸನೆಯೇ ಗೊತ್ತಾಗುವುದಿಲ್ಲ. ವಾಸನೆ ಹೋಯಿತು, ಇನ್ನು ಪರವಾಗಿಲ್ಲ ಅಂತ ಇಳಿದವನು ಎರಡು ಉಸಿರಿಗೆ ಕುಸಿಯಬಹುದು. ಅವನನ್ನು ಎತ್ತಲು ಅಣ್ಣನೋ ತಮ್ಮನೋ ಇಳಿಯುತ್ತಾನೆ, ಅವನೂ ಮೇಲೆ ಬರುವುದಿಲ್ಲ. ಒಂದೇ ಗುಂಡಿಯಲ್ಲಿ ಇಬ್ಬರು, ಮೂವರು ಸತ್ತರು ಅಂತ ಪೇಪರಿನಲ್ಲಿ ಓದುತ್ತೇವಲ್ಲ, ಅದು ಹೀಗೇ. ಮಲ ಹೊರುವ ಪದ್ಧತಿ ನಿಷೇಧದ 2013ರ ಕಾಯ್ದೆ ರಕ್ಷಣೆಯಿಲ್ಲದೆ ಇಳಿಸುವುದನ್ನೇ ನಿಷೇಧಿಸಿದೆ. ಆದರೂ ಇಳಿಸುತ್ತಾರೆ, ಸಂಜೆಗೆ ಕೈಗೆ ನಾಲ್ಕು ಕಾಸು ಜಾಸ್ತಿ ಇಟ್ಟು.

ಇಂಥ ಸಾವಿಗೆ 10 ಲಕ್ಷ ಪರಿಹಾರ ಕೊಡಿ ಅಂತ ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿತು, 2023ರಲ್ಲಿ 30 ಲಕ್ಷ ಮಾಡಿತು. ಸತ್ತ ಮೇಲಿನ ದುಡ್ಡು ಅದು. ಆ ಮೊದಲ ತೀರ್ಪಿಗೆ ಕಾರಣವಾದ, ಮಲ ಹೊರುವ ಪದ್ಧತಿಯ ವಿರುದ್ಧ ಹೋರಾಡುವ ಸಫಾಯಿ ಕರ್ಮಚಾರಿ ಆಂದೋಲನದ ಬೆಜವಾಡ ವಿಲ್ಸನ್ ನಮ್ಮ ಕೆಜಿಎಫ್‌ನಲ್ಲಿ ಹುಟ್ಟಿದವರು. ಇನ್ನೂ ಹಿಂದಕ್ಕೆ ಹೋದರೆ, ದೇವರಾಜ ಅರಸು ಸರ್ಕಾರದಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪ ತಲೆ ಮೇಲೆ ಮಲ ಹೊರುವುದನ್ನೇ ನಿಲ್ಲಿಸಿ ಎಂದರು. ಹೊರುವವರಿಗೆ ಎರಡು ರೂಪಾಯಿ ಜಾಸ್ತಿ ಕೊಡೋಣ ಅನ್ನಲಿಲ್ಲ. ಅವರ ದಾರಿಯೇ ಸರಿ ಅಂತ ನನಗೆ ಅನ್ನಿಸುತ್ತದೆ. ಮಷಿನ್ ಮಾಡಬಹುದಾದ ಕೆಲಸಕ್ಕೆ ಮನುಷ್ಯನನ್ನು ಇಳಿಸಿ, ಅದಕ್ಕೊಂದು ಭತ್ಯೆ ನಿಗದಿ ಮಾಡಲೇಬಾರದು.

ಕೆಜಿಎಫ್ ಅಂದಾಗ ಇನ್ನೊಂದು ನೆನಪಾಯಿತು. ಆ ಚಿನ್ನದ ಗಣಿ 2001ರಲ್ಲೇ ಮುಚ್ಚಿತು. ಕಲ್ಲಿನ ದೂಳಿನಿಂದ ಬರುವ ಸಿಲಿಕೋಸಿಸ್ ವಾಸಿಯಾಗುವ ಕಾಯಿಲೆ ಅಲ್ಲ, ಕೆಲಸ ಬಿಟ್ಟು ವರ್ಷಗಳಾದ ಮೇಲೂ ಒಳಗೊಳಗೇ ಬೆಳೆಯುತ್ತದೆ. ಭತ್ಯೆ ಕೆಲಸದ ಜೊತೆಗೇ ನಿಂತು ಹೋಗುತ್ತದೆ. ಕೆಮ್ಮು ಶುರುವಾಗುವ ಹೊತ್ತಿಗೆ ಕೈಯಲ್ಲಿ ಏನೂ ಇರುವುದಿಲ್ಲ. ಅದಕ್ಕೇ ಭತ್ಯೆಯ ಜೊತೆ ವರ್ಷಕ್ಕೊಮ್ಮೆ ಸರಿಯಾದ ತಪಾಸಣೆ, ನಿವೃತ್ತಿಯ ನಂತರವೂ ಉಚಿತ ಚಿಕಿತ್ಸೆ ಇರಲೇಬೇಕು.

ಆ ಅಕ್ಕನನ್ನು ಕೇಳಿದೆ, ಭತ್ಯೆ ಇನ್ನೂ ಜಾಸ್ತಿ ಮಾಡಿದರೆ ಸಾಕಾ ಅಂತ. ಸ್ವಲ್ಪ ಹೊತ್ತು ಸುಮ್ಮನಿದ್ದರು. "ದುಡ್ಡು ಬೇಡ ಅನ್ನಲ್ಲ ಮೇಡಂ. ಬೆಳಿಗ್ಗೆ ಹಾಜರಿ ಹಾಕೋ ಜಾಗದಲ್ಲಿ ಒಂದು ನಲ್ಲಿ, ಒಂದು ಸೋಪು, ನಮಗೊಂದು ಕಕ್ಕಸು ಆದ್ರೆ ಕೈ ತೊಳೆದು ತಿಂಡಿ ತಿನ್ಬಹುದು. ಗ್ಲೌಸ್ ನನ್ ಕೈ ಅಳತೆಗೆ ಕೊಡ್ಲಿ." ಹೀಗಂದು ಚೊಂಬಿನಲ್ಲಿ ಉಳಿದಿದ್ದ ನೀರನ್ನು ಹೊಲಿಗೆಯ ಕೈ ಮೇಲೆ ಸುರಿದುಕೊಂಡು, ಸೆರಗಿಗೆ ಒರೆಸಿಕೊಂಡು, ಪೊರಕೆ ಎತ್ತಿಕೊಂಡು ಮುಂದಿನ ಮನೆಯ ಕಡೆ ಹೋದರು.

ನಮಸ್ಕಾರ.