ವಿಶ್ವ ಚಾಂಪಿಯನ್ ಪಟ್ಟ ಸಿಗಲಿಲ್ಲ, ಆದರೆ ಚೆಸ್ ಬೋರ್ಡ್ ತುಂಬ ಬ್ರಿಟಿಷರೇ!

[ಪರದೆ ಮೇಲೆ: ಮರದ ಚೆಸ್ ಕಾಯಿಗಳು, ಕುದುರೆಯ ತಲೆ ಹತ್ತಿರದಿಂದ]

ನಮಸ್ಕಾರ. ಮನೆಯಲ್ಲಿ ಚೆಸ್ ಸೆಟ್ ಇದ್ದರೆ ಈಗಲೇ ತೆಗೆದು ಪಕ್ಕದಲ್ಲಿ ಇಟ್ಟುಕೊಳ್ಳಿ, ಪ್ಲಾಸ್ಟಿಕ್‌ನದ್ದಾದರೂ ಪರವಾಗಿಲ್ಲ. ತಲೆ ಮೇಲೆ ಶಿಲುಬೆ ಇರುವ ರಾಜ, ಕಿರೀಟದ ರಾಣಿ, ಕೋಟೆಯ ಬುರುಜಿನ ಹಾಗಿರುವ ಆನೆ. ಈ ರೂಪದ ಕಾಯಿಗಳು ಮೊದಲು ಮಾರಾಟಕ್ಕೆ ಬಂದಿದ್ದು 1849ರಲ್ಲಿ, ಲಂಡನ್ನಿನಲ್ಲಿ. 2024ರಲ್ಲಿ ಸಿಂಗಪುರದಲ್ಲಿ ನಮ್ಮ ಗುಕೇಶ್ ವಿಶ್ವ ಚಾಂಪಿಯನ್ ಆದಾಗ ಬೋರ್ಡ್ ಮೇಲೆ ಇದ್ದದ್ದೂ ಇದೇ ನಮೂನೆಯವು.

ತಮಾಷೆ ಏನು ಗೊತ್ತಾ? ಓಪನ್ ವಿಭಾಗದಲ್ಲಿ, ಅಂದರೆ ಗಂಡಸರು ಹೆಂಗಸರು ಯಾರು ಬೇಕಾದರೂ ಆಡಬಹುದಾದ ವಿಭಾಗದಲ್ಲಿ, ಬ್ರಿಟನ್ನಿನ ಆಟಗಾರ ಒಬ್ಬರೂ ಇವತ್ತಿನವರೆಗೆ ವಿಶ್ವ ಚಾಂಪಿಯನ್ ಆಗಿಲ್ಲ. ಒಂದು ಸಲ ಹತ್ತಿರ ಹೋದರು, ಆ ಕತೆ ಆಮೇಲೆ. ಆದರೆ ಕಾಯಿ, ಟೂರ್ನಿ, ಗಡಿಯಾರ, ಒಂದಷ್ಟು ಓಪನಿಂಗ್‌ಗಳು (ಆಟ ಶುರು ಮಾಡುವ ನಡೆಗಳ ಕ್ರಮ), ಕೊನೆಗೆ ಕಂಪ್ಯೂಟರ್ ಚೆಸ್, ಎಲ್ಲದರ ಮೇಲೂ ಅವರ ಕೈಗುರುತು ಇದೆ. ನನ್ನ ಪ್ರಕಾರ ಬ್ರಿಟಿಷರು ಚೆಸ್ಸನ್ನು ಬದಲಾಯಿಸಿದ್ದು ಗೆದ್ದು ಅಲ್ಲ. ಆಟ ಹೇಗೆ ನಡೆಯಬೇಕು ಅನ್ನೋದನ್ನು ತೀರ್ಮಾನ ಮಾಡಿ.

ಮೊದಲು ಹೋವರ್ಡ್ ಸ್ಟಾಂಟನ್. ಈ ಮನುಷ್ಯ 1843ರಲ್ಲಿ ಪ್ಯಾರಿಸ್‌ಗೆ ಹೋಗಿ ಫ್ರಾನ್ಸಿನ ಸೇಂಟ್ ಅಮಾಂಟ್ ಅವರನ್ನು ಸೋಲಿಸಿದರು. 21 ಆಟಗಳು, ಅದರಲ್ಲಿ 11 ಗೆಲುವು, 6 ಸೋಲು, 4 ಡ್ರಾ. ವಿಶ್ವ ಚಾಂಪಿಯನ್ ಅನ್ನೋ ಅಧಿಕೃತ ಪಟ್ಟ ಆಗ ಇರಲೇ ಇಲ್ಲ, ಆದರೂ ಅದಾದ ಮೇಲೆ ಸ್ಟಾಂಟನ್ನೇ ಜಗತ್ತಿನ ನಂಬರ್ ಒನ್ ಅಂತ ಬಹಳ ಜನ ಒಪ್ಪಿಕೊಂಡಿದ್ದರು. ಚೆಸ್ ಪತ್ರಿಕೆ ನಡೆಸಿದರು, ಪುಸ್ತಕ ಬರೆದರು, ಮಧ್ಯೆ ಮಧ್ಯೆ ಜಗಳವನ್ನೂ ಆಡಿದರು. ಬರವಣಿಗೆಯಲ್ಲಿ ಯಾರನ್ನೂ ಬಿಡುತ್ತಿರಲಿಲ್ಲ. ಅವರು ಇಷ್ಟಪಟ್ಟು ಆಡುತ್ತಿದ್ದ ಸಿ4 ನಡೆಗೆ (ಆಟದ ಶುರುವಿನಲ್ಲೇ ಪಾನ್, ಅಂದರೆ ಕಾಲಾಳನ್ನು, ಸಿ4 ಅನ್ನೋ ಮನೆಗೆ ತಳ್ಳುವುದು) ಇವತ್ತು ಇಂಗ್ಲಿಷ್ ಓಪನಿಂಗ್ ಅಂತಲೇ ಹೆಸರು.

ಕಾಯಿಗಳ ವಿಷಯಕ್ಕೆ ಬರೋಣ. ಅವಕ್ಕೆ 'ಸ್ಟಾಂಟನ್ ಸೆಟ್' ಅಂತ ಹೆಸರು, ಆದರೆ ವಿನ್ಯಾಸ ಸ್ಟಾಂಟನ್ ಅವರದ್ದಲ್ಲ. ಅದನ್ನು ನೋಂದಣಿ ಮಾಡಿಸಿದ್ದು ನಥಾನಿಯಲ್ ಕುಕ್, ತಯಾರಿಸಿ ಮಾರಿದ್ದು ಜಾಕ್ಸ್ ಕಂಪನಿ. ಸ್ಟಾಂಟನ್ ಮಾಡಿದ್ದು ಪ್ರಚಾರ. ಹೌದು, 1849ರಲ್ಲೇ ಬ್ರಾಂಡ್ ಅಂಬಾಸಿಡರ್! ಅದಕ್ಕೆ ಮುಂಚೆ ಊರಿಗೊಂದು ಥರ ಕಾಯಿ. ತೆಳ್ಳಗೆ ಉದ್ದವಾಗಿರುತ್ತಿದ್ದವು, ಕೈ ತಾಗಿದರೆ ಬೀಳುತ್ತಿದ್ದವು, ರಾಣಿ ಯಾವುದು ಒಂಟೆ ಯಾವುದು ಅಂತ ಗೊತ್ತಾಗುತ್ತಿರಲಿಲ್ಲ. ಬೇರೆ ದೇಶಕ್ಕೆ ಆಡೋಕೆ ಹೋದವನು ಮೊದಲು ಕಾಯಿ ಗುರುತು ಹಿಡಿಯೋದನ್ನು ಕಲಿಯಬೇಕಿತ್ತು. ಹೊಸ ಸೆಟ್‌ನಲ್ಲಿ ಬುಡ ಭಾರ, ಆಕಾರ ಸರಳ. ಕುದುರೆಯ ತಲೆಗೆ ಮಾದರಿ ಬ್ರಿಟಿಷ್ ಮ್ಯೂಸಿಯಂನಲ್ಲಿರುವ ಗ್ರೀಕ್ ಶಿಲ್ಪದ ಕುದುರೆ ಅಂತಾರೆ. ಅಂತಾರಾಷ್ಟ್ರೀಯ ಚೆಸ್ ಸಂಸ್ಥೆ ಫಿಡೆಯ ಟೂರ್ನಿಗಳಲ್ಲಿ ಇವತ್ತಿಗೂ ಇದೇ ನಮೂನೆ.

ಎರಡು ವರ್ಷ ಬಿಟ್ಟು, 1851ರಲ್ಲಿ, ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್‌ನಲ್ಲಿ ದೊಡ್ಡ ವಸ್ತುಪ್ರದರ್ಶನ ನಡೆಯಿತು. ಪ್ರಪಂಚದ ಜನವೆಲ್ಲ ಹೇಗೂ ಬರುತ್ತಾರಲ್ಲ, ಚೆಸ್ ಆಟಗಾರರನ್ನೂ ಕರೆಸೋಣ ಅಂತ ಸ್ಟಾಂಟನ್ ಮುಂದೆ ನಿಂತು 16 ಜನರ ನಾಕೌಟ್ ಟೂರ್ನಿ ಮಾಡಿಸಿದರು. ಮೊದಲ ಅಂತಾರಾಷ್ಟ್ರೀಯ ಚೆಸ್ ಟೂರ್ನಿ ಅಂದರೆ ಅದೇ. ಗೆದ್ದಿದ್ದು? ಬ್ರೆಸ್ಲಾವ್‌ನ ಗಣಿತದ ಮೇಷ್ಟ್ರು ಅಡಾಲ್ಫ್ ಆಂಡರ್ಸನ್. ಸೆಮಿಫೈನಲ್‌ನಲ್ಲಿ ಸ್ಟಾಂಟನ್ ಇದೇ ಆಂಡರ್ಸನ್‌ಗೆ ಸೋತರು, ಮೂರನೇ ಸ್ಥಾನದ ಪಂದ್ಯವನ್ನೂ ಬಿಟ್ಟುಕೊಟ್ಟು ನಾಲ್ಕನೆಯವರಾದರು. ಊಟ ಹಾಕಿಸಿದವರಿಗೇ ಎಲೆ ಸಿಗಲಿಲ್ಲ ಅನ್ನಿ.

ಆಗ ಗಡಿಯಾರ ಇರಲಿಲ್ಲ. ಎದುರಾಳಿ ಯೋಚನೆ ಮಾಡುತ್ತಾ ಎಷ್ಟು ಹೊತ್ತು ಬೇಕಾದರೂ ಕೂರಬಹುದಿತ್ತು, ಇದರ ಬಗ್ಗೆ ಸ್ಟಾಂಟನ್ ಕೂಗಾಡಿದ್ದು ಎಲ್ಲರಿಗೂ ಗೊತ್ತು. 1862ರ ಲಂಡನ್ ಟೂರ್ನಿಯಲ್ಲಿ ಮರಳು ಗಡಿಯಾರ ಬಂತು. 1883ರ ಲಂಡನ್ ಟೂರ್ನಿಯಲ್ಲಿ ಇಬ್ಬರಿಗೂ ಬೇರೆ ಬೇರೆ ಸಮಯ ತೋರಿಸುವ ಜೋಡಿ ಗಡಿಯಾರ ಬಂತು, ಒಂದು ಓಡಿದರೆ ಇನ್ನೊಂದು ನಿಲ್ಲುವಂಥದ್ದು. ಒಂದೆರಡು ನಿಮಿಷದ ಬುಲೆಟ್ ಚೆಸ್ ಆಡುತ್ತಾ ಸಮಯ ಮುಗಿದು ಸೋತಾಗ ಯಾರನ್ನು ಬೈಯಬೇಕು ಅಂತ ಈಗ ಗೊತ್ತಾಯ್ತಲ್ಲ.

[ಪರದೆ ಮೇಲೆ: ಕಲ್ಕತ್ತಾದ ಹಳೆಯ ಚಿತ್ರ]

ಈಗ ಭಾರತಕ್ಕೆ ಬರೋಣ. ಸ್ಟಾಂಟನ್ ಜೊತೆ ಸಾಕಷ್ಟು ಆಡಿದ್ದ ಜಾನ್ ಕಾಕ್ರೇನ್ ಅಂತ ಒಬ್ಬ ಸ್ಕಾಟಿಷ್ ಬ್ಯಾರಿಸ್ಟರ್ ಕಲ್ಕತ್ತಾದಲ್ಲಿ ವಕೀಲಿಕೆ ಮಾಡುತ್ತಿದ್ದರು. ಅಲ್ಲಿ ಅವರಿಗೆ ಸಿಕ್ಕ ಎದುರಾಳಿ ಮಹೇಶ್ಚಂದ್ರ ಬ್ಯಾನರ್ಜಿ. ನಮ್ಮ ಕಡೆ ಹಳೆಯ ಪದ್ಧತಿಯಲ್ಲಿ ಪಾನ್ ಮೊದಲ ನಡೆಯಲ್ಲೂ ಒಂದೇ ಮನೆ ಹೋಗುತ್ತಿತ್ತು, ಹಾಗಾಗಿ ಬ್ಯಾನರ್ಜಿ ನಿಧಾನವಾಗಿ ಪಕ್ಕದ ಪಾನ್ ಒಂದು ಮನೆ ಸರಿಸಿ, ಒಂಟೆಯನ್ನು ಮೂಲೆಯ ಉದ್ದ ಸಾಲಿಗೆ ತಂದು ಕೂರಿಸಿ, ನಡುವಿನ ಜಾಗವನ್ನು ದೂರದಿಂದಲೇ ಹೊಡೆಯುತ್ತಿದ್ದರು. ಯುರೋಪಿನವರಿಗೆ ಇದು ವಿಚಿತ್ರ. ಕಾಕ್ರೇನ್ ಈ ಆಟಗಳನ್ನು ಲಂಡನ್ ಪತ್ರಿಕೆಗಳಿಗೆ ಕಳಿಸಿದರು. ಕಿಂಗ್ಸ್ ಇಂಡಿಯನ್ ಡಿಫೆನ್ಸ್ ಅನ್ನೋ ಓಪನಿಂಗ್ ಆಡುವವರೇ ಕೇಳಿ, ಆ 'ಇಂಡಿಯನ್' ಇಲ್ಲಿಂದ ಬಂದಿದ್ದು. 1855ರಲ್ಲಿ ಬ್ಯಾನರ್ಜಿ ಆಡಿದ ಒಂದು ಆಟದಲ್ಲಿ ಇವತ್ತಿನ ಗ್ರುನ್‌ಫೆಲ್ಡ್ ಡಿಫೆನ್ಸ್‌ನ ನಡೆಗಳೇ ಇವೆ, ಅದೂ ಆ ಹೆಸರಿಗೆ ಕಾರಣನಾದ ಆಟಗಾರ ಗ್ರುನ್‌ಫೆಲ್ಡ್ ಹುಟ್ಟುವುದಕ್ಕೂ ಮುಂಚೆ. ಒಂದು ಗ್ಯಾಂಬಿಟ್‌ಗೆ (ಕಾಯಿ ಬಿಟ್ಟುಕೊಟ್ಟು ಆಡುವ ಓಪನಿಂಗ್) ಕಾಕ್ರೇನ್ ಹೆಸರಿದೆ, ವೇಲ್ಸ್‌ನ ಹಡಗಿನ ಕ್ಯಾಪ್ಟನ್ ಇವಾನ್ಸ್ ಹೆಸರಲ್ಲಿ ಇನ್ನೊಂದಿದೆ (1995ರಲ್ಲಿ ರಿಗಾದಲ್ಲಿ ವಿಶ್ವ ಚಾಂಪಿಯನ್ ಕಾಸ್ಪರೋವ್ ನಮ್ಮ ಆನಂದ್ ಅವರನ್ನು 25 ನಡೆಗಳಲ್ಲಿ ಮುಗಿಸಿದ್ದು ಅದರಲ್ಲೇ). ಬ್ಯಾನರ್ಜಿ ಹೆಸರು ಮಾತ್ರ ಎಲ್ಲೂ ಇಲ್ಲ. ಇದು ನನಗೆ ಇವತ್ತಿಗೂ ಸಿಟ್ಟು ಬರಿಸುತ್ತದೆ.

ಇದಕ್ಕಿಂತ ದೊಡ್ಡ ಕತೆ ಮೀರ್ ಸುಲ್ತಾನ್ ಖಾನ್ ಅವರದ್ದು. ಪಂಜಾಬಿನ ಮಿಠಾ ತಿವಾನಾ ಊರಿನವರು, ಈಗ ಅದು ಪಾಕಿಸ್ತಾನದಲ್ಲಿದೆ. ಕಲಿತಿದ್ದು ನಮ್ಮ ಹಳೆಯ ಪದ್ಧತಿಯ ಚದುರಂಗ. ಸರ್ ಉಮರ್ ಹಯಾತ್ ಖಾನ್ ಅನ್ನೋ ಜಮೀನ್ದಾರರು ಅವರಿಗೆ ಆಶ್ರಯ ಕೊಟ್ಟು, ಯುರೋಪಿಯನ್ ನಿಯಮ ಕಲಿಸಿ, 1929ರಲ್ಲಿ ಲಂಡನ್‌ಗೆ ಕರೆದುಕೊಂಡು ಹೋದರು. ಅದೇ ವರ್ಷ ಸುಲ್ತಾನ್ ಖಾನ್ ಬ್ರಿಟಿಷ್ ಚಾಂಪಿಯನ್! ಓಪನಿಂಗ್ ಪುಸ್ತಕ ಓದಿದವರಲ್ಲ. ಅಲ್ಲಿನ ಚಳಿಗೆ ಕುತ್ತಿಗೆಗೆ ಬಟ್ಟೆ ಸುತ್ತಿಕೊಂಡು ಕೂತು ಆಡುತ್ತಿದ್ದರಂತೆ. 1932ರಲ್ಲಿ ಮತ್ತೆ ಚಾಂಪಿಯನ್, 1933ರಲ್ಲಿ ಮತ್ತೆ. ದೇಶಗಳ ತಂಡಗಳು ಆಡುವ ಚೆಸ್ ಒಲಿಂಪಿಯಾಡ್‌ಗಳಲ್ಲಿ ಮೂರು ಸಲ ಇಂಗ್ಲೆಂಡ್ ತಂಡದ ಮೊದಲ ಬೋರ್ಡ್, ಅಂದರೆ ಮೊದಲ ಆಟಗಾರನ ಜಾಗ, ಇವರದ್ದೇ. 1930ರ ಕೊನೆಯಲ್ಲಿ ಶುರುವಾದ ಹೇಸ್ಟಿಂಗ್ಸ್ ಟೂರ್ನಿಯಲ್ಲಿ ಮಾಜಿ ವಿಶ್ವ ಚಾಂಪಿಯನ್ ಕಾಪಾಬ್ಲಾಂಕಾ ಅವರನ್ನೇ ಸೋಲಿಸಿದರು, ಸೋಲೇ ಕಾಣದವರು ಅಂತ ಹೆಸರಾಗಿದ್ದ ಕಾಪಾಬ್ಲಾಂಕಾ ಅವರನ್ನು, ಅದೂ ಹೊಳೆಯುವ ಬಲಿದಾನ ಗಿಲಿದಾನ ಏನೂ ಇಲ್ಲದೆ ಸುಮ್ನೆ ಉಸಿರಾಡೋಕೆ ಜಾಗ ಕೊಡದೆ.

ಅವರನ್ನು 'ಸೇವಕ' ಅಂತ ಬರೆದವರೇ ಜಾಸ್ತಿ. ಆ ಚಿತ್ರಣವನ್ನು ಅವರ ಕುಟುಂಬದವರು ಒಪ್ಪುವುದಿಲ್ಲ, ಕೇಳಿದರೆ ನನಗೂ ಅವರ ಮಾತು ಸರಿ ಅನ್ನಿಸುತ್ತದೆ. ಬಡ ಸೇವಕ ಸಾಮ್ರಾಜ್ಯ ಗೆದ್ದ ಅನ್ನೋ ಕತೆ ಪತ್ರಿಕೆಗಳಿಗೆ ಬೇಕಿತ್ತು. ಇನ್ನೊಂದು ವಿಷಯ. 1933ರಲ್ಲಿ ಬ್ರಿಟಿಷ್ ಮಹಿಳಾ ಚಾಂಪಿಯನ್ ಆದ ಮಿಸ್ ಫಾತಿಮಾ ಕೂಡ ಇದೇ ಮನೆಯಿಂದ ಬಂದವರು. ಅಂದರೆ ಆ ವರ್ಷ ಬ್ರಿಟನ್ನಿನ ಎರಡೂ ಪಟ್ಟ ಭಾರತದಿಂದ ಹೋದವರ ಕೈಯಲ್ಲಿ! ಅದೇ ವರ್ಷ ಸರ್ ಉಮರ್ ಊರಿಗೆ ಹೊರಟರು, ಸುಲ್ತಾನ್ ಖಾನ್ ಕೂಡ ಹೊರಟರು. 1935ರಲ್ಲಿ ಖಾಡಿಲ್ಕರ್ ವಿರುದ್ಧ 10 ಆಟ ಆಡಿ ಒಂದೇ ಒಂದು ಡ್ರಾ ಬಿಟ್ಟುಕೊಟ್ಟರು. ದೊಡ್ಡ ಮಟ್ಟದ ಆಟ ಅಲ್ಲಿಗೆ ನಿಂತಿತು. ತೀರಿಕೊಂಡಿದ್ದು 1966ರಲ್ಲಿ, ಸರ್ಗೋಧಾದಲ್ಲಿ. ಫಿಡೆ ಗೌರವ ಗ್ರ್ಯಾಂಡ್‌ಮಾಸ್ಟರ್ ಪಟ್ಟ ಕೊಟ್ಟಿದ್ದು ಯಾವಾಗ? 2024ರಲ್ಲಿ.

ಸುಲ್ತಾನ್ ಖಾನ್ ಅವರನ್ನು ಸೋಲಿಸಿದವರಲ್ಲಿ ಒಬ್ಬರು ವೆರಾ ಮೆಂಚಿಕ್. ಹುಟ್ಟಿದ್ದು ಮಾಸ್ಕೋದಲ್ಲಿ, ತಂದೆ ಜೆಕ್, ತಾಯಿ ಇಂಗ್ಲಿಷ್, ಹದಿಹರೆಯದಲ್ಲಿ ಬಂದು ನೆಲೆಸಿದ್ದು ಇಂಗ್ಲೆಂಡಿನ ಹೇಸ್ಟಿಂಗ್ಸ್‌ನಲ್ಲಿ. 1927ರಲ್ಲಿ ಮೊದಲ ಮಹಿಳಾ ವಿಶ್ವ ಚಾಂಪಿಯನ್ ಆದರು. 1929ರಲ್ಲಿ ಕಾರ್ಲ್ಸ್‌ಬಾದ್ ಟೂರ್ನಿಗೆ ಗಂಡಸರ ಜೊತೆ ಆಡೋಕೆ ಹೋದಾಗ, ಈಕೆಗೆ ಸೋತವರನ್ನೆಲ್ಲ ಸೇರಿಸಿ 'ವೆರಾ ಮೆಂಚಿಕ್ ಕ್ಲಬ್' ಮಾಡೋಣ ಅಂತ ಆಲ್ಬರ್ಟ್ ಬೆಕರ್ ಗೇಲಿ ಮಾಡಿದರು. ಮೊದಲ ಸದಸ್ಯ ಅವರೇ ಆದರು! ಮುಂದೆ ವಿಶ್ವ ಚಾಂಪಿಯನ್ ಆದ ಯೂವೆ ಕೂಡ ಆ ಕ್ಲಬ್ ಸೇರಿದರು. 1944ರಲ್ಲಿ ಲಂಡನ್ ಮೇಲೆ ಬಿದ್ದ ಜರ್ಮನ್ ಬಾಂಬಿಗೆ ವೆರಾ, ತಾಯಿ, ತಂಗಿ ಮೂವರೂ ಬಲಿಯಾದರು. ಆಗಲೂ ಅವರೇ ಚಾಂಪಿಯನ್.

[ಪರದೆ ಮೇಲೆ: ಬೋರ್ಡ್, ಬಿಳಿ ಇ4, ಕಪ್ಪು ಎ6]

ಯುದ್ಧ ಮುಗಿದ ಮೇಲೆ ಚೆಸ್ ಅಂದರೆ ಸೋವಿಯತ್. 1960ರ ಒಲಿಂಪಿಯಾಡ್‌ನಲ್ಲಿ ಜೋನಾಥನ್ ಪೆನ್‌ರೋಸ್, ಆಗಿನ ವಿಶ್ವ ಚಾಂಪಿಯನ್ ತಾಲ್ ಅವರನ್ನು ಸೋಲಿಸಿದ್ದು ಬಿಟ್ಟರೆ ಬ್ರಿಟಿಷರಿಗೆ ಹೇಳಿಕೊಳ್ಳುವಂಥದ್ದು ಕಡಿಮೆ. (ಭೌತಶಾಸ್ತ್ರದ ನೊಬೆಲ್ ಬಂದ ರೋಜರ್ ಪೆನ್‌ರೋಸ್ ಇವರ ಅಣ್ಣ.) ಆಮೇಲೆ ಜಿಮ್ ಸ್ಲೇಟರ್ ಅನ್ನೋ ಹಣಕಾಸು ಉದ್ಯಮಿ, ಮೊದಲ ಬ್ರಿಟಿಷ್ ಗ್ರ್ಯಾಂಡ್‌ಮಾಸ್ಟರ್‌ಗೆ 5,000 ಪೌಂಡ್ ಕೊಡುತ್ತೇನೆ ಅಂತ ಘೋಷಿಸಿದರು. 1976ರಲ್ಲಿ ಅದನ್ನು ಗೆದ್ದಿದ್ದು ಬರ್ಮಿಂಗ್‌ಹ್ಯಾಮ್‌ನ ಟೋನಿ ಮೈಲ್ಸ್.

ಮೈಲ್ಸ್ ಅಂದರೆ ನನಗೆ ತುಂಬ ಇಷ್ಟ. 1980, ಸ್ವೀಡನ್‌ನ ಸ್ಕಾರಾ. ಎದುರಿಗೆ ವಿಶ್ವ ಚಾಂಪಿಯನ್ ಕಾರ್ಪೋವ್. ಕಾರ್ಪೋವ್ ಇ4 ಆಡಿದರು. ಮೈಲ್ಸ್ ಆಡಿದ್ದು ಎ6. ಮೂಲೆಯ ಪಾನ್, ಒಂದೇ ಮನೆ! ನಿಮ್ಮ ಶಾಲೆಯ ಚೆಸ್ ಸರ್ ನೋಡಿದ್ದರೆ ತಲೆಗೆ ಮೊಟಕುತ್ತಿದ್ದರು. ಮುಂದಿನ ನಡೆ ಬಿ5. ಸುತ್ತ ನಿಂತವರು ನಕ್ಕರಂತೆ. ಮೈಲ್ಸ್ ಗೆದ್ದರು. ಇದು ಬರೀ ತಮಾಷೆ ಅಲ್ಲ. ಸೋವಿಯತ್ ತಯಾರಿಯ ಮುಂದೆ ಅವರದ್ದೇ ದಾರಿಯಲ್ಲಿ ಹೋದರೆ ಸೋಲು ಖಂಡಿತ, ಅದಕ್ಕೇ ಪುಸ್ತಕದಿಂದ ಆಚೆ ಎಳೆದುಕೊಂಡು ಹೋಗಬೇಕು ಅನ್ನೋ ಲೆಕ್ಕ. ಇಂಗ್ಲೆಂಡಿನ ಹುಡುಗರಿಗೆ ಧೈರ್ಯ ಬಂತು. ಮೈಲ್ಸ್, ನನ್, ಸ್ಪೀಲ್ಮನ್, ಶಾರ್ಟ್, ಚಾಂಡ್ಲರ್ ಅವರಂಥವರಿದ್ದ ತಂಡ 1984, 1986, 1988ರ ಒಲಿಂಪಿಯಾಡ್‌ಗಳಲ್ಲಿ ಸತತವಾಗಿ ಬೆಳ್ಳಿ ಗೆದ್ದಿತು. 1986ರಲ್ಲಿ ದುಬೈನಲ್ಲಿ ಸೋವಿಯತ್‌ಗೆ 40 ಪಾಯಿಂಟ್, ಇಂಗ್ಲೆಂಡ್‌ಗೆ 39.5. ಅರ್ಧ ಪಾಯಿಂಟ್!

ಈಗ ಹತ್ತಿರ ಹೋದವರ ಕತೆ. ನೈಜೆಲ್ ಶಾರ್ಟ್ 1992ರಲ್ಲಿ ಕಾರ್ಪೋವ್ ಅವರನ್ನು, ಆಮೇಲೆ ಟಿಮ್ಮನ್ ಅವರನ್ನು ಸೋಲಿಸಿ ವಿಶ್ವ ಪಟ್ಟಕ್ಕಾಗಿ ಕಾಸ್ಪರೋವ್ ಮುಂದೆ ಕೂರುವ ಹಕ್ಕು ಪಡೆದರು. ಇದೇ ಟಿಮ್ಮನ್ ವಿರುದ್ಧ 1991ರಲ್ಲಿ ಟಿಲ್ಬರ್ಗ್‌ನಲ್ಲಿ ಶಾರ್ಟ್ ಆಡಿದ ಆಟ ಹುಡುಕಿ ನೋಡಿ. ಬೋರ್ಡ್ ತುಂಬ ಕಾಯಿ ಇರುವಾಗಲೇ ರಾಜನನ್ನು ನಡೆಸಿಕೊಂಡು ಎದುರಾಳಿ ಕೋಟೆಯ ಬಾಗಿಲಿಗೆ ಹೋಗಿ ನಿಲ್ಲಿಸಿದರು, ಚೆಕ್‌ಮೇಟ್‌ಗೆ ಸಹಾಯ ಮಾಡೋಕೆ.

1993ರಲ್ಲಿ ಶಾರ್ಟ್ ಮತ್ತು ಕಾಸ್ಪರೋವ್ ಸೇರಿ ಫಿಡೆ ಬೇಡ, ನಾವೇ ಆಡಿಕೊಳ್ಳುತ್ತೇವೆ ಅಂದುಬಿಟ್ಟರು. ಪಂದ್ಯ ನಡೆದಿದ್ದು ಲಂಡನ್ನಿನ ಸವಾಯ್ ಥಿಯೇಟರ್‌ನಲ್ಲಿ, 'ದಿ ಟೈಮ್ಸ್' ಪತ್ರಿಕೆಯ ಪ್ರಾಯೋಜಕತ್ವದಲ್ಲಿ. ಟಿವಿಯಲ್ಲೂ ಬಂತು. ಮೊದಲ ಆಟದಲ್ಲೇ ಶಾರ್ಟ್ ಸಮಯ ಮುಗಿದು ಸೋತರು, ಕೊನೆಗೆ 12.5–7.5. ಪಂದ್ಯ ಮರೆತುಹೋಯಿತು, ಒಡಕು ಉಳಿಯಿತು. 2006ರ ತನಕ ಜಗತ್ತಿಗೆ ಇಬ್ಬರು ಚಾಂಪಿಯನ್‌ಗಳು. 1995ರಲ್ಲಿ ಆನಂದ್ ನ್ಯೂಯಾರ್ಕಿನ ವರ್ಲ್ಡ್ ಟ್ರೇಡ್ ಸೆಂಟರ್‌ನಲ್ಲಿ ಕಾಸ್ಪರೋವ್ ವಿರುದ್ಧ ಆಡಿದ್ದು ಒಡೆದುಹೋದ ಬಣದಲ್ಲಿ, 2000ದಲ್ಲಿ ಗೆದ್ದಿದ್ದು ಫಿಡೆ ಪಟ್ಟ. ಅದಕ್ಕೇ ಕೆಲವರು ಅವರ ಮೊದಲ ಪಟ್ಟಕ್ಕೆ ಈಗಲೂ ಕೊಕ್ಕೆ ಹಾಕುತ್ತಾರೆ. ಫಿಡೆಯಲ್ಲಿ ಹುಳುಕು ಇತ್ತು, ನಿಜ. ಆದರೆ ಇಬ್ಬರು ಆಟಗಾರರು ದುಡುಕಿದ್ದಕ್ಕೆ ಇಡೀ ಒಂದು ಪೀಳಿಗೆ ಬೆಲೆ ಕೊಟ್ಟಿತು ಅಂತಲೇ ನಾನು ಹೇಳುವುದು. ಶಾರ್ಟ್ ಮುಂದೆ ಅದೇ ಫಿಡೆಗೆ ಉಪಾಧ್ಯಕ್ಷರಾದರು ಬಿಡಿ.

ಕಂಪ್ಯೂಟರ್ ಕತೆ ಬೇಗ ಹೇಳುತ್ತೇನೆ, ಇದಕ್ಕೇ ಬೇರೆ ವಿಡಿಯೋ ಬೇಕು. ಎರಡನೇ ಮಹಾಯುದ್ಧದಲ್ಲಿ ಜರ್ಮನ್ನರ ಗುಪ್ತ ಸಂಕೇತ ಒಡೆದ ಬ್ಲೆಚ್ಲಿ ಪಾರ್ಕ್‌ನಲ್ಲಿ ಅಲೆಕ್ಸಾಂಡರ್, ಮಿಲ್ನರ್ ಬ್ಯಾರಿ, ಗೊಲೊಂಬೆಕ್ ಅಂತ ಇಂಗ್ಲೆಂಡ್ ತಂಡದ ಆಟಗಾರರೇ ಇದ್ದರು. ಅವರ ಸಹೋದ್ಯೋಗಿ ಅಲನ್ ಟ್ಯೂರಿಂಗ್ ಆಟದಲ್ಲಿ ಅಷ್ಟಕ್ಕಷ್ಟೇ. ಆದರೆ ಓಡಿಸೋಕೆ ಕಂಪ್ಯೂಟರೇ ಇಲ್ಲದ ಕಾಲದಲ್ಲಿ ಚೆಸ್ ಪ್ರೋಗ್ರಾಮ್ ಬರೆದರು, 1952ರಲ್ಲಿ ಕಾಗದ ಪೆನ್ಸಿಲ್ ಹಿಡಿದು ತಾವೇ ಕಂಪ್ಯೂಟರ್ ಆಗಿ ಆಡಿ ಸೋತರು. ಮುಂದೆ ಲಂಡನ್ನಿನಲ್ಲಿ 13ನೇ ವಯಸ್ಸಿಗೆ 2300 ರೇಟಿಂಗ್ ಇದ್ದ ಒಬ್ಬ ಹುಡುಗ ಡೆಮಿಸ್ ಹಸಾಬಿಸ್ ಚೆಸ್ ಬಿಟ್ಟು ಡೀಪ್‌ಮೈಂಡ್ ಅನ್ನೋ ಕೃತಕ ಬುದ್ಧಿಮತ್ತೆಯ ಕಂಪನಿ ಕಟ್ಟಿದರು. 2017ರಲ್ಲಿ ಅವರ ಆಲ್ಫಾಝೀರೋ ಪ್ರೋಗ್ರಾಮ್ ಬರೀ ನಿಯಮ ತಿಳಿದು, ತನ್ನ ಜೊತೆ ತಾನೇ ಆಡಿ ಕಲಿತು, ಸ್ಟಾಕ್‌ಫಿಶ್ ಅನ್ನೋ ಬಲವಾದ ಚೆಸ್ ಪ್ರೋಗ್ರಾಮ್ ವಿರುದ್ಧ 100 ಆಟಗಳಲ್ಲಿ 28 ಗೆದ್ದು 72 ಡ್ರಾ ಮಾಡಿತು. ಇವತ್ತು ಟಾಪ್ ಆಟಗಾರರು ಎಚ್ ಪಾನ್ ಅನ್ನು, ಅಂದರೆ ಅಂಚಿನ ಪಾನ್ ಅನ್ನು, ಎಗ್ಗಿಲ್ಲದೆ ಮುಂದೆ ನುಗ್ಗಿಸುವುದರಲ್ಲಿ ಅದರ ಪಾಲು ದೊಡ್ಡದು.

ಕೊನೆಯದಾಗಿ ನಮ್ಮೂರ ಸುದ್ದಿ. ಶ್ರೇಯಸ್ ರಾಯಲ್ ಹುಟ್ಟಿದ್ದು ಬೆಂಗಳೂರಿನಲ್ಲಿ, 2009ರಲ್ಲಿ. ಮೂರು ವರ್ಷದವನಿದ್ದಾಗ ಕುಟುಂಬ ಲಂಡನ್‌ಗೆ ಹೋಯಿತು. 2018ರಲ್ಲಿ ತಂದೆಯ ಕೆಲಸದ ವೀಸಾ ಮುಗಿಯುತ್ತಾ ಬಂತು, ಎಲ್ಲರೂ ವಾಪಸ್ ಹೊರಡಬೇಕಿತ್ತು. ಇಂಥ ಪ್ರತಿಭೆಯನ್ನು ಕಳಿಸಬೇಡಿ ಅಂತ ಸಂಸದರು ಸರ್ಕಾರಕ್ಕೆ ಬರೆದರು, ಗೃಹ ಇಲಾಖೆ ಒಪ್ಪಿತು. 2024ರಲ್ಲಿ ಇಂಗ್ಲೆಂಡಿನ ಹಲ್ ನಗರದಲ್ಲಿ, 15 ವರ್ಷ 7 ತಿಂಗಳಿಗೆ, ಶ್ರೇಯಸ್ ಬ್ರಿಟನ್ನಿನ ಅತಿ ಕಿರಿಯ ಗ್ರ್ಯಾಂಡ್‌ಮಾಸ್ಟರ್ ಆದ. ಮರುವರ್ಷ ಲಿವರ್‌ಪೂಲ್‌ನಲ್ಲಿ ತಮಿಳು ಕುಟುಂಬದ ಬೋಧನಾ ಶಿವಾನಂದನ್, 10ನೇ ವಯಸ್ಸಿಗೆ, ಗ್ರ್ಯಾಂಡ್‌ಮಾಸ್ಟರ್ ಒಬ್ಬರನ್ನು ಸೋಲಿಸಿದ ಅತಿ ಕಿರಿಯ ಹುಡುಗಿ ಆದಳು. ಬ್ರಿಟನ್ನಿಗೆ ವಿಶ್ವ ಚಾಂಪಿಯನ್ ಪಟ್ಟ ಯಾವತ್ತಾದರೂ ಬಂದರೆ ಇಂಥ ಮನೆಯಿಂದಲೇ ಬರಬಹುದು ಅಂತ ನನ್ನ ಊಹೆ. ಬಂದಾಗ ಸುಲ್ತಾನ್ ಖಾನ್ ಅವರಿಗಾದಂತೆ ದಶಕಗಟ್ಟಲೆ ಕಾಯಿಸದಿದ್ದರೆ ಸಾಕು.