ಜೀನ್ ಸರಿಯಿದ್ರೂ ಕ್ಯಾನ್ಸರ್ ಹೇಗೆ? ಲಿನ್28 ಮತ್ತು ಲೆಟ್-7 ಕಥೆ

ಎಲ್ರಿಗೂ ನಮಸ್ಕಾರ. ಕ್ಯಾನ್ಸರ್ ಅಂದ್ರೆ ಡಿಎನ್ಎಲಿ ಮ್ಯುಟೇಷನ್ ಆಗೋದು ಅಂತ ಕೇಳಿರ್ತೀರ, ಅದು ನಿಜಾನೇ, ಆದ್ರೆ ಎಷ್ಟೋ ಸಲ ಒಂದು ಜೀನ್‌ನಲ್ಲಿ ಒಂದಕ್ಷರಾನೂ ಬದಲಾಗಿರಲ್ಲ, ಆದ್ರೂ ಅದರ ಪ್ರೋಟೀನ್ ಮಾತ್ರ ಬೇಕಾದ್ದಕ್ಕಿಂತ ಜಾಸ್ತಿ ತಯಾರಾಗ್ತಾನೇ ಇರುತ್ತೆ. ಹೇಗೆ?

(ಸ್ಕ್ರೀನ್ ಮೇಲೆ: ಡಿಎನ್ಎ, ಮೆಸೆಂಜರ್ ಆರ್‌ಎನ್ಎ, ಪ್ರೋಟೀನ್)

ಜೀನ್‌ನಿಂದ ಮೆಸೆಂಜರ್ ಆರ್‌ಎನ್ಎ, ಅದನ್ನ ಓದಿ ಪ್ರೋಟೀನ್, ಇಷ್ಟು ಸ್ಕೂಲಲ್ಲೇ ಓದಿರ್ತೀವಿ. ಆದ್ರೆ ಆ ಮೆಸೆಂಜರ್ ಎಷ್ಟು ಹೊತ್ತು ಉಳೀಬೇಕು, ಅದ್ರಿಂದ ಎಷ್ಟು ಪ್ರೋಟೀನ್ ಆಗ್ಬೇಕು ಅನ್ನೋದು ಬೇರೆ ಕಡೆ ತೀರ್ಮಾನ ಆಗುತ್ತೆ. ಮೈಕ್ರೋ ಆರ್‌ಎನ್ಎ ಅಂತಿದೆ, ಸುಮಾರು 22 ಅಕ್ಷರ ಉದ್ದ ಅಷ್ಟೇ, ಮೆಸೆಂಜರ್‌ಗೆ ಅಂಟ್ಕೊಂಡು ಅದರ ಕೆಲಸ ನಿಲ್ಲಿಸುತ್ತೆ. ಜೊತೆಗೆ ಆರ್‌ಎನ್ಎನ ಹಿಡಿಯೋ ಪ್ರೋಟೀನ್‌ಗಳು, ಮನುಷ್ಯರಲ್ಲಿ 1,500ಕ್ಕೂ ಜಾಸ್ತಿ.

ಈಗ ಅಸಲಿ ವಿಷ್ಯ. ಲೆಟ್-7 ಅನ್ನೋ ಮೈಕ್ರೋ ಆರ್‌ಎನ್ಎ, ರಾಸ್, ಮಿಕ್ ಥರ ಕೋಶಗಳನ್ನ ಬೆಳೆಸೋ ಜೀನ್‌ಗಳನ್ನ ಹಿಡಿತದಲ್ಲಿ ಇಡುತ್ತೆ. ಲಿನ್28 ಅನ್ನೋ ಪ್ರೋಟೀನ್ ಇದೆಯಲ್ಲ, ಅದು ಇನ್ನೂ ಪೂರ್ತಿ ತಯಾರಾಗದ ಲೆಟ್-7ನ ಹಿಡ್ಕೊಂಡು ಒಂದು ಕಿಣ್ವನ ಕರೆಸುತ್ತೆ, ಆ ಕಿಣ್ವ ಲೆಟ್-7 ತುದಿಗೆ ಯು (U, ಆರ್‌ಎನ್ಎಯ ನಾಲ್ಕು ಅಕ್ಷರಗಳಲ್ಲಿ ಒಂದು) ಅಕ್ಷರಗಳ ಬಾಲ ಸೇರಿಸುತ್ತೆ, ಬಾಲ ಬಂತು ಅಂದ್ರೆ ಮುಗೀತು, ಕೋಶಾನೇ ಅದನ್ನ ನಾಶ ಮಾಡುತ್ತೆ, ಆಗ ರಾಸ್, ಮಿಕ್ ಮೇಲಿನ ಹಿಡಿತ ತಪ್ಪುತ್ತೆ. ಭ್ರೂಣದಲ್ಲಿ ಇದು ಬೇಕೇ ಬೇಕು, ಅಲ್ಲಿ ಕೋಶಗಳು ಬೇಗ ಬೇಗ ಹೆಚ್ಚಬೇಕು. ಆಮೇಲೆ ಹೆಚ್ಚಿನ ಅಂಗಾಂಶಗಳಲ್ಲಿ ಲಿನ್28 ಆಫ್ ಆಗುತ್ತೆ. ಆದ್ರೆ ಮಕ್ಕಳಿಗೆ ಬರೋ ನ್ಯೂರೋಬ್ಲಾಸ್ಟೋಮಾದಲ್ಲಿ, ಕೆಲವು ಲಿವರ್ ಕ್ಯಾನ್ಸರ್‌ಗಳಲ್ಲಿ ಅದು ಜಾಸ್ತಿ ಇರುತ್ತೆ. ಇನ್ನೂ ಒಂದು, ಲೆಟ್-7 ಕೂಡ ಲಿನ್28ನ ಮೆಸೆಂಜರ್‌ನ ತಡೆಯುತ್ತೆ, ಅಂದ್ರೆ ಯಾವುದು ಒಮ್ಮೆ ಮೇಲುಗೈ ಸಾಧಿಸಿತೋ ಅದು ಇನ್ನೊಂದನ್ನ ಮತ್ತಷ್ಟು ಕೆಳಗೆ ತಳ್ತಾನೇ ಹೋಗುತ್ತೆ.

ಹಾಗಂತ ಮೈಕ್ರೋ ಆರ್‌ಎನ್ಎಗಳು, ಆರ್‌ಎನ್ಎನ ಹಿಡಿಯೋ ಪ್ರೋಟೀನ್‌ಗಳು, ಇವೆರಡು ಗುಂಪು ಯಾವಾಗ್ಲೂ ಎದುರಾಳಿಗಳು ಅನ್ಕೋಬೇಡಿ. ಪಿ27 ಅನ್ನೋ ಪ್ರೋಟೀನ್ ಕೋಶ ವಿಭಜನೆಗೆ ಬ್ರೇಕ್. ಅದರ ಮೆಸೆಂಜರ್ ಮಡಚ್ಕೊಂಡಿರುತ್ತೆ, ಪುಮಿಲಿಯೋ ಅನ್ನೋ ಪ್ರೋಟೀನ್ ಬಂದು ಕೂತಾಗ ಆ ಮಡಿಕೆ ಬಿಚ್ಚುತ್ತೆ, ಆಗ ಮೈಕ್ರೋ ಆರ್‌ಎನ್ಎ 221, 222ಗೆ ಅಂಟೋಕೆ ಜಾಗ ಸಿಗುತ್ತೆ, ಪಿ27 ಕಮ್ಮಿ ಆಗುತ್ತೆ. ಹಾಗಾಗಿ ಒಂದೊಂದನ್ನೇ ನೋಡಿ ಒಳ್ಳೇದು ಕೆಟ್ಟದ್ದು ಅಂತ ಹಣೆಪಟ್ಟಿ ಹಚ್ಚೋದು ಸರಿಯಲ್ಲ ಅನ್ಸುತ್ತೆ ನನಗೆ.

ಕಮ್ಮಿಯಾದ ಮೈಕ್ರೋ ಆರ್‌ಎನ್ಎನ ಔಷಧದ ಥರ ಕೊಡಬಹುದಲ್ವಾ? ಮೈಕ್ರೋ ಆರ್‌ಎನ್ಎ 34ರ ನಕಲನ್ನ ರೋಗಿಗಳಿಗೆ ಕೊಟ್ಟು ನೋಡಿದ್ರು, ರೋಗನಿರೋಧಕ ವ್ಯವಸ್ಥೆ ತೀವ್ರವಾಗಿ ಪ್ರತಿಕ್ರಿಯಿಸಿದ್ರಿಂದ 2016ರಲ್ಲಿ ಟ್ರಯಲ್ ನಿಲ್ಲಿಸಬೇಕಾಯ್ತು. ಒಂದು ಮೈಕ್ರೋ ಆರ್‌ಎನ್ಎ ನೂರಾರು ಮೆಸೆಂಜರ್‌ಗಳನ್ನ ಮುಟ್ಟುತ್ತೆ, ಗೆಡ್ಡೆಗೆ ಮಾತ್ರ ತಲುಪಿಸೋದೂ ಕಷ್ಟ. ಅದಕ್ಕೇ ಕೆಲವು ಲ್ಯಾಬ್‌ಗಳು ಬೇರೆ ದಾರಿ ಹಿಡಿದಿವೆ, ಲಿನ್28 ಲೆಟ್-7ನ ಹಿಡಿಯೋ ಜಾಗದಲ್ಲೇ ಹೋಗಿ ಕೂರೋ ಸಣ್ಣ ಅಣುಗಳನ್ನ ಹುಡುಕ್ತಿದ್ದಾರೆ.