ಕೋಶ ಸಾಯುವ ಮೊದಲೇ ಕೊಂಡಿ ಕಳಚುತ್ತದೆ

ನಮಸ್ಕಾರ. ಆಲ್ಝೈಮರ್ ಅಂದ ಕೂಡಲೇ ಸಾಮಾನ್ಯವಾಗಿ ಕೇಳಿಬರುವ ಮಾತು ಒಂದೇ: ಮಿದುಳಿನ ಕೋಶಗಳು ಸಾಯುತ್ತವೆ, ನೆನಪು ಅಳಿಸಿಹೋಗುತ್ತದೆ, ಇನ್ನೇನೂ ಮಾಡೋಕಾಗಲ್ಲ. ಇದು ಪೂರ್ತಿ ಸುಳ್ಳಲ್ಲ. ಆದರೆ ಕಾಯಿಲೆಯ ಕೊನೆಯ ಹಂತದ ಮಾತು ಇದು. ಮೊದಲ ಹಂತದಲ್ಲಿ ನಡೆಯುವುದೇ ಬೇರೆ, ಅದರ ಬಗ್ಗೆ ನಾವು ಮಾತಾಡುವುದು ತೀರಾ ಕಡಿಮೆ.

ನಮ್ಮ ಮಿದುಳಿನಲ್ಲಿ ಸುಮಾರು 8,600 ಕೋಟಿ ನ್ಯೂರಾನ್‌ಗಳಿವೆ. ನ್ಯೂರಾನ್ ಅಂದರೆ ನರಕೋಶ. ಒಂದು ನ್ಯೂರಾನ್ ಇನ್ನೊಂದಕ್ಕೆ ಸುದ್ದಿ ಮುಟ್ಟಿಸುವ ಜಾಗವೇ ಸಿನಾಪ್ಸ್, ಅಂದರೆ ಕೊಂಡಿ. ಒಂದೊಂದು ನ್ಯೂರಾನ್‌ಗೂ ಸಾವಿರಾರು ಸಿನಾಪ್ಸ್‌ಗಳಿರುತ್ತವೆ. ನಾವು ಕಲಿಯುವಾಗ ಬಲವಾಗುವುದೂ ಇವೇ, ಮರೆಯುವಾಗ ಸೊರಗುವುದೂ ಇವೇ.

1991ರಲ್ಲಿ ಸಂಶೋಧಕ ರಾಬರ್ಟ್ ಟೆರಿ ಮತ್ತು ಸಂಗಡಿಗರು, ಆಲ್ಝೈಮರ್‌ನಿಂದ ತೀರಿಕೊಂಡವರ ಮಿದುಳನ್ನು ಪರೀಕ್ಷಿಸಿದರು. ಬದುಕಿದ್ದಾಗ ಅವರ ನೆನಪು, ಯೋಚನಾಶಕ್ತಿ ಎಷ್ಟು ಕುಗ್ಗಿತ್ತು ಅನ್ನುವುದರ ಜೊತೆ ಹೋಲಿಸಿ ನೋಡಿದರು. ಅಮೈಲಾಯ್ಡ್ ಪ್ಲಾಕ್‌ಗಳು, ಅಂದರೆ ಈ ಕಾಯಿಲೆಯಲ್ಲಿ ಮಿದುಳಿನಲ್ಲಿ ಶೇಖರವಾಗುವ ಅಮೈಲಾಯ್ಡ್ ಎಂಬ ಪ್ರೊಟೀನಿನ ಮುದ್ದೆಗಳು, ಅದಕ್ಕೆ ಅಷ್ಟಾಗಿ ತಾಳೆಯಾಗಲಿಲ್ಲ. ಚೆನ್ನಾಗಿ ತಾಳೆಯಾದದ್ದು ಸಿನಾಪ್ಸ್‌ಗಳ ನಷ್ಟ. ಮೂವತ್ತು ವರ್ಷಕ್ಕೂ ಹಿಂದಿನ ಮಾತು ಇದು! ಆಮೇಲೂ ಹಣ, ಗಮನ ಎರಡೂ ಜಾಸ್ತಿ ಹೋದದ್ದು ಪ್ಲಾಕ್ ಕಡೆಗೇ. ಇದು ನನಗೆ ನಿಜವಾಗಿಯೂ ಬೇಸರ ತರುತ್ತದೆ.

ಪ್ಲಾಕ್ ತೆಗೆಯುವ ಔಷಧಗಳು ಈಗ ಬಂದಿವೆ. ಲೆಕಾನೆಮ್ಯಾಬ್‌ಗೆ 2023ರಲ್ಲಿ ಅಮೆರಿಕದಲ್ಲಿ ಪೂರ್ಣ ಅನುಮತಿ ಸಿಕ್ಕಿತು. ಸುಮಾರು 1,800 ಜನರ ಮೇಲೆ 18 ತಿಂಗಳು ನಡೆದ ಪ್ರಯೋಗದಲ್ಲಿ ಅದು ಅಮೈಲಾಯ್ಡನ್ನು ಬಹಳ ಮಟ್ಟಿಗೆ ತೆಗೆದುಹಾಕಿತು. ಆದರೆ ಜನರ ಸ್ಥಿತಿ ಕುಸಿಯುವುದು ನಿಲ್ಲಲಿಲ್ಲ, 27% ನಿಧಾನವಾಯಿತು ಅಷ್ಟೇ. ಕಾಯಿಲೆ ಎಷ್ಟು ಬಿಗಡಾಯಿಸಿದೆ ಅಂತ ನೋಡುವ 18 ಅಂಕಗಳ ಅಳತೆಯಲ್ಲಿ ಅರ್ಧ ಅಂಕಕ್ಕಿಂತ ಕಡಿಮೆ ವ್ಯತ್ಯಾಸ. ಕೆಲವರಿಗೆ ಮಿದುಳಿನಲ್ಲಿ ಊತ, ಸಣ್ಣ ರಕ್ತಸ್ರಾವವೂ ಆಯಿತು. ಇದನ್ನು ನಾನು ಸೋಲು ಅನ್ನುವುದಿಲ್ಲ. ಕಾಯಿಲೆಯ ಓಟಕ್ಕೆ ಸ್ವಲ್ಪವಾದರೂ ತಡೆ ಬಿತ್ತಲ್ಲ, ಅದು ದೊಡ್ಡದು. ಆದರೆ ಕಸ ಗುಡಿಸಿದ ಮಾತ್ರಕ್ಕೆ ಕಡಿದುಹೋದ ತಂತಿ ಕೂಡಿಕೊಳ್ಳುವುದಿಲ್ಲ, ಅಲ್ವಾ?

ಹಾಗಾದರೆ ಸಿನಾಪ್ಸ್ ಹೋಗುವುದು ಹೇಗೆ? ಬೆಳೆಯುವ ಮಿದುಳಿನಲ್ಲಿ ಬೇಡದ ಸಿನಾಪ್ಸ್‌ಗಳಿಗೆ ಸಿ1ಕ್ಯೂ ಎಂಬ ಪ್ರೊಟೀನ್ ಗುರುತು ಹಾಕುತ್ತದೆ. ಮೈಕ್ರೋಗ್ಲಿಯಾ ಎಂಬ ರಕ್ಷಕ ಕೋಶಗಳು ಅವನ್ನು ನುಂಗುತ್ತವೆ. ಇದು ಸಹಜ, ಬೇಕಾದ ಕೆಲಸ. 2016ರಲ್ಲಿ ಸಂಶೋಧಕಿ ಬೆತ್ ಸ್ಟೀವನ್ಸ್ ಅವರ ತಂಡ ತೋರಿಸಿದ್ದು ಏನೆಂದರೆ, ಆಲ್ಝೈಮರ್‌ನಂಥ ಕಾಯಿಲೆ ಬರುವಂತೆ ಮಾಡಿದ ಇಲಿಗಳಲ್ಲಿ ಇದೇ ಕೆಲಸ ತಪ್ಪು ಹೊತ್ತಿನಲ್ಲಿ ಮತ್ತೆ ಶುರುವಾಗುತ್ತದೆ, ಅದೂ ಪ್ಲಾಕ್ ಕಾಣಿಸಿಕೊಳ್ಳುವ ಮೊದಲೇ. ಆ ಗುರುತನ್ನು ತಡೆದಾಗ ಸಿನಾಪ್ಸ್‌ಗಳ ನಷ್ಟ ಕಡಿಮೆಯಾಯಿತು.

ಅದೇ ವರ್ಷ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ವಿಜ್ಞಾನಿ ಸುಸುಮು ತೊನೆಗಾವಾ ಅವರ ತಂಡ ಮಾಡಿದ ಕೆಲಸವಂತೂ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಆರಂಭದ ಹಂತದ ಆಲ್ಝೈಮರ್ ಇರುವ ಇಲಿಗಳಿಗೆ ಒಂದು ಪೆಟ್ಟಿಗೆಯಲ್ಲಿ ಸಣ್ಣ ಶಾಕ್ ಕೊಟ್ಟರು. ಮರುದಿನ ಅವುಗಳಿಗೆ ಆ ಭಯದ ನೆನಪೇ ಬರಲಿಲ್ಲ. ಆಮೇಲೆ, ಆ ನೆನಪು ಕೂತಿದ್ದ ಕೋಶಗಳನ್ನೇ ಬೆಳಕಿನಿಂದ ಎಚ್ಚರಿಸಿದರು. ಇಲಿಗಳು ಭಯದಿಂದ ಸ್ತಬ್ಧವಾದವು. ನೆನಪು ಅಲ್ಲೇ ಇತ್ತು! ಅಲ್ಲಿಗೆ ಹೋಗುವ ದಾರಿ ಮುಚ್ಚಿತ್ತು ಅಷ್ಟೇ. ಆ ಸಿನಾಪ್ಸ್‌ಗಳನ್ನು ಬೆಳಕಿನಿಂದಲೇ ಬಲಪಡಿಸಿದ ಮೇಲೆ ಇಲಿಗಳಿಗೆ ತಾನಾಗಿಯೇ ನೆನಪಾಯಿತು.

ಇಲಿಯಲ್ಲಿ ಆದದ್ದು ಮನುಷ್ಯರಲ್ಲೂ ಆಗುತ್ತದೆ ಅಂತ ಹೇಳೋಕಾಗಲ್ಲ. ಆ ವಿಧಾನಕ್ಕೆ ಕೋಶದ ಜೀನ್ ಬದಲಿಸಬೇಕು, ಮಿದುಳಿಗೆ ಬೆಳಕಿನ ಎಳೆ ಇಳಿಸಬೇಕು. ಯಾರಾದರೂ ಇದನ್ನು ಚಿಕಿತ್ಸೆ ಅಂತ ಮಾರಲು ಬಂದರೆ ದಯವಿಟ್ಟು ನಂಬಬೇಡಿ. ಆದರೆ ಕೋಶ ಬದುಕಿದ್ದು ಕೊಂಡಿ ಮಾತ್ರ ಹೋದ ಒಂದು ಹಂತ ಇರಬಹುದು ಅನ್ನುವುದಕ್ಕೆ ಇದು ಗಟ್ಟಿ ಸಾಕ್ಷಿ. ಸತ್ತ ನ್ಯೂರಾನನ್ನು ಬದುಕಿಸಲು ಆಗುವುದಿಲ್ಲ. ಸಿನಾಪ್ಸ್ ಹೊಸದಾಗಿ ಬೆಳೆಯಬಲ್ಲದು.

ಅದಕ್ಕೇ ನನ್ನ ಒತ್ತಾಯ: ಹೊಸ ಔಷಧದ ಪ್ರಯೋಗಗಳಲ್ಲಿ ಪ್ಲಾಕ್ ಎಷ್ಟು ಕರಗಿತು ಅಂತ ಹೇಳುವ ಜೊತೆಗೆ ಸಿನಾಪ್ಸ್ ಎಷ್ಟು ಉಳಿಯಿತು ಅಂತಲೂ ಅಳೆಯಬೇಕು. ಇದು ಸುಮ್ನೆ ಆಸೆಯ ಮಾತಲ್ಲ. ಸಿನಾಪ್ಸ್‌ಗಳಲ್ಲಿರುವ ಎಸ್‌ವಿ2ಎ ಪ್ರೊಟೀನನ್ನು ಪೆಟ್ ಸ್ಕ್ಯಾನ್‌ನಲ್ಲಿ (ವಿಕಿರಣ ವಸ್ತು ಕೊಟ್ಟು ದೇಹದ ಒಳಗಿನ ಚಿತ್ರ ತೆಗೆಯುವ ವಿಧಾನ), ಬದುಕಿರುವ ಮನುಷ್ಯರಲ್ಲೇ ನೋಡಬಹುದು ಅಂತ 2016ರಲ್ಲೇ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು ತೋರಿಸಿದ್ದಾರೆ. ತೊಡಕೂ ಇದೆ. ಆ ಸ್ಕ್ಯಾನ್‌ಗೆ ಮೊದಲು ಬಳಸಿದ ವಿಕಿರಣ ವಸ್ತು ಸುಮಾರು 20 ನಿಮಿಷಕ್ಕೆ ಅರ್ಧವಾಗುತ್ತದೆ, ಹಾಗಾಗಿ ಅದನ್ನು ಸ್ಕ್ಯಾನ್ ಮಾಡುವ ಜಾಗದ ಹತ್ತಿರವೇ ತಯಾರಿಸಬೇಕು. ಹೆಚ್ಚು ಹೊತ್ತು ಉಳಿಯುವ ವಸ್ತುಗಳೂ ಈಗ ಬಂದಿವೆ. ಅವುಗಳನ್ನು ದೊಡ್ಡ ಪ್ರಯೋಗಗಳೊಳಗೆ ತರಲು ಹಣ ಹಾಕಬೇಕು, ಅದೂ ಈಗಲೇ.